ಡಬ್ಬಿ, ಸೌಟು, ಮುಚ್ಚಳ ಡಿಸೈನ್ ಮಾಡಿ ಬದುಕುವುದು ಹೇಗೆ

ಮದುವೆಮನೆಯಲ್ಲಿ ಸಿಕ್ಕ ನೆಂಟರು ಏನು ಕೆಲಸ ಮಾಡ್ತೀಯ ಅಂತ ಕೇಳುತ್ತಾರೆ. ಇಂಡಸ್ಟ್ರಿಯಲ್ ಡಿಸೈನರ್ ಅನ್ನುತ್ತೇನೆ. "ಓ, ಇಂಟೀರಿಯರ್ಸಾ?" ಅಲ್ಲ ಅಂದರೆ, "ಹಂಗಾದ್ರೆ ಫ್ಯಾಕ್ಟರಿ ಕಟ್ಟೋದಾ?" ಅದೂ ಅಲ್ಲ. ಬೆಳಿಗ್ಗೆ ಎದ್ದು ನೀವು ಹಿಡಿಯುವ ಮಗ್ಗು, ಸಾರು ಬಡಿಸುವ ಸೌಟು, ಉಪ್ಪಿನ ಡಬ್ಬಿ, ಕುಕ್ಕರಿನ ಹಿಡಿ, ಮಿಕ್ಸಿ ಜಾರಿನ ಮುಚ್ಚಳ, ಇವೆಲ್ಲ ಇರುವ ಹಾಗೆ ಇರೋದು ಸುಮ್ನೆ ಅಲ್ಲ. ಯಾರೋ ಕೂತು ಇಷ್ಟು ಉದ್ದ, ಇಷ್ಟು ದಪ್ಪ, ಹಿಡಿ ಇಷ್ಟು ಬಾಗಬೇಕು ಅಂತ ಗೊತ್ತು ಮಾಡಿರುತ್ತಾರೆ. ಆ ಯಾರೋ ಆಗಬೇಕು ಅನ್ನುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಚೆನ್ನಾಗಿ ಚಿತ್ರ ಬರೆಯುತ್ತೀರಿ ಅನ್ನೋದಕ್ಕೆ ಮಾತ್ರ ಈ ಕಡೆ ಬರಬೇಡಿ. ಚಿತ್ರ ಬೇಕು, ನಿಜ. ಆದರೆ ದಿನದ ಕೆಲಸದಲ್ಲಿ ಚಿತ್ರಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಬೇರೆಯವರ ಅಡುಗೆಮನೆಯಲ್ಲಿ ನಿಂತು ನೋಡುವುದಕ್ಕೆ, ಮೋಲ್ಡ್ (ಪ್ಲಾಸ್ಟಿಕ್ ಸಾಮಾನು ಹೊಯ್ಯುವ ಸ್ಟೀಲ್ ಅಚ್ಚು) ಮಾಡುವವರ ಹತ್ತಿರ ಬೈಸಿಕೊಳ್ಳುವುದಕ್ಕೆ, ಆಮೇಲೆ ಪೈಸೆ ಲೆಕ್ಕಕ್ಕೆ. ಈ ಮೂರೂ ಇಷ್ಟವಾಗುತ್ತೆ ಅನ್ನಿಸಿದರೆ ಮುಂದೆ ಓದಿ.

ಚೊಂಬಿನಿಂದ ಶುರು ಮಾಡಿ

1950ರ ದಶಕದಲ್ಲಿ ನಮ್ಮ ಸರ್ಕಾರ ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರನ್ನು ಕರೆಸಿ, ಇಲ್ಲಿ ಡಿಸೈನ್ ಕಲಿಸುವುದು ಹೇಗೆ ಹೇಳಿ ಅಂತ ಕೇಳಿತು. ಅವರು ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ಎನ್‌ಐಡಿ, ಅಂದರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್, ಹುಟ್ಟಿತು. ಇಷ್ಟೆಲ್ಲ ಸುತ್ತಿ ಅವರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿಕೊಂಡಿದ್ದು ಏನನ್ನು ಗೊತ್ತಾ? ನಮ್ಮ ಚೊಂಬನ್ನು. ಇದನ್ನು ಈಗ ಹೊಸದಾಗಿ ಡಿಸೈನ್ ಮಾಡಬೇಕಾದರೆ ಏನೇನು ಕೇಳಿಕೊಳ್ಳಬೇಕು ಅಂತ ಉದ್ದಕ್ಕೆ ಪಟ್ಟಿ ಕೊಟ್ಟಿದ್ದಾರೆ. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತಲೆ ಮೇಲೋ ಸೊಂಟದ ಮೇಲೋ, ತುಂಬಿದಾಗ ಭಾರ ಎಲ್ಲಿ ಕೂರುತ್ತೆ, ಖಾಲಿ ಇದ್ದಾಗ ಎಲ್ಲಿ, ಬಗ್ಗಿಸಿದಾಗ ಏನಾಗುತ್ತೆ, ಒಳಗೆ ಕೈ ಹಾಕಿ ತೊಳೆಯಬಹುದಾ, ಒಳಗಿರುವುದು ಬಿಸಿಯಿದ್ದರೆ ಹಿಡಿಯಬಹುದಾ, ತಟ್ಟಿದರೆ ಸದ್ದು ಹೇಗೆ, ಬೆಲೆ ಎಷ್ಟು, ಹಳೆಯದಾದ ಮೇಲೆ ಗುಜರಿಗೆ ಹಾಕಿದರೆ ಏನು ಸಿಗುತ್ತೆ.

ಗುಜರಿ ಬೆಲೆ ಕೂಡ ಕೇಳಿದ್ದಾರೆ ನೋಡಿ. ಪಾತ್ರೆ ಅಂಗಡಿಯಲ್ಲಿ ಹಳೇ ಹಿತ್ತಾಳೆ ತೂಕಕ್ಕೆ ಹಾಕಿ ಹೊಸ ಸ್ಟೀಲ್ ತರುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಪ್ರಶ್ನೆ ಹೊಸದೇನಲ್ಲ.

ನೀವೂ ಹಾಗೇ ಮಾಡಿ. ಮನೆಯಲ್ಲಿರುವ ಒಂದೇ ಒಂದು ಸಾಮಾನು ತಗೊಳ್ಳಿ, ಏಳು ದಿನ ಅದನ್ನೇ ನೋಡಿ. ಸೌಟು ಅಂತಿಟ್ಟುಕೊಳ್ಳೋಣ. ಯಾರು ಹಿಡಿಯುತ್ತಾರೆ, ಯಾವ ಕೈ, ಕೈ ಒದ್ದೆಯಾ ಎಣ್ಣೆಯಾ ಒಣಗಿದೆಯಾ. ಬಡಿಸಿ ಆದಮೇಲೆ ಪಾತ್ರೆಯಲ್ಲೇ ಬಿಡುತ್ತಾರಾ, ಬಿಟ್ಟರೆ ಜಾರಿ ಸಾಂಬಾರಿನೊಳಗೆ ಮುಳುಗುತ್ತಾ. ಮುಳುಗಿದರೆ ಹಿಡಿಯ ಉದ್ದಕ್ಕೂ ಪಾತ್ರೆಯ ಆಳಕ್ಕೂ ತಾಳೆಯಾಗಿಲ್ಲ ಅಂತ ಲೆಕ್ಕ. ತುದಿಯಲ್ಲಿ ಒಂದು ಸಣ್ಣ ಕೊಕ್ಕೆ ಇದ್ದಿದ್ದರೆ ಪಾತ್ರೆಯ ಅಂಚಿಗೆ ಸಿಕ್ಕಿಕೊಂಡು ನಿಲ್ಲುತ್ತಿತ್ತು. ರಿವೆಟ್ ಹೊಡೆದ ಸೌಟಾದರೆ ರಿವೆಟ್ ಸುತ್ತ ಕಪ್ಪಗೆ ಜಿಡ್ಡು ಕೂತಿರುತ್ತದೆ, ಎಷ್ಟು ಉಜ್ಜಿದರೂ ಹೋಗಲ್ಲ. ಅದನ್ನು ತಪ್ಪಿಸಬೇಕು ಅಂದರೆ ಒಂದೇ ತಗಡಿನಲ್ಲಿ ಒತ್ತಿದ ಸೌಟು ಮಾಡಬೇಕು. ಆಗ ಜಿಡ್ಡು ಕೂರಲ್ಲ, ಆದರೆ ತಗಡು ತೆಳ್ಳಗಿದ್ದರೆ ಗಟ್ಟಿ ಮುದ್ದೆಯಂಥ ಸಾರು ಎತ್ತುವಾಗ ಕುತ್ತಿಗೆಯ ಹತ್ತಿರ ಬಗ್ಗುತ್ತದೆ. ಅದಕ್ಕೇ ಅಲ್ಲಿ ಉದ್ದಕ್ಕೆ ಒಂದು ಗೀರು ಒತ್ತಿರುತ್ತಾರೆ. ನೀವು ಅಂದಕ್ಕೆ ಅಂದುಕೊಂಡಿದ್ದ ಗೀರು ಬಲಕ್ಕೆ ಇರುವುದು.

ದಪ್ಪ, ಅಗಲ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್, ಒಂದು ಅಡುಗೆಮನೆ ತಕ್ಕಡಿ, ಒಂದು ನೋಟ್‌ಬುಕ್ ಕೊಂಡುಕೊಳ್ಳಿ. ಎಲ್ಲವನ್ನೂ ಅಳೆಯಿರಿ, ತೂಗಿ, ಬರೆದಿಡಿ. ಒಂದು ವರ್ಷ ಆದಮೇಲೆ ಅಂಗಡಿಯಲ್ಲಿ ಲೋಟ ಎತ್ತಿದ ಕೂಡಲೇ ಇದು ನೂರ ಇಪ್ಪತ್ತು ಗ್ರಾಂ ಅಂತ ಕೈಯೇ ಹೇಳುತ್ತೆ. ತಮಾಷೆ ಅಲ್ಲ, ಮೀಟಿಂಗಿನಲ್ಲಿ ಇದರಿಂದ ಸಿಗುವ ಮರ್ಯಾದೆ ಯಾವ ಸಾಫ್ಟ್‌ವೇರಿನಿಂದಲೂ ಸಿಗಲ್ಲ.

ಬದಲಾಯಿಸಿ ನೋಡೋದಕ್ಕೂ ದುಡ್ಡು ಬೇಡ. ಸೌಟಿನ ಹಿಡಿ ದಪ್ಪ ಆಗಬೇಕು ಅನ್ನಿಸಿತಾ, ಎಂ-ಸೀಲ್ ಮೆತ್ತಿ, ನಿಮ್ಮ ಕೈ ಅಚ್ಚು ಒತ್ತಿ, ಒಣಗಿಸಿ, ಅಮ್ಮನ ಕೈಗೆ ಕೊಡಿ. ನಿಮ್ಮ ಕೈಗೆ ಸರಿಹೋದದ್ದು ಅವರ ಕೈಗೆ ಸರಿಹೋಗುವುದಿಲ್ಲ. ಪಾಠ ಅಲ್ಲಿಂದ ಶುರು. ಅಮೆರಿಕದಲ್ಲಿ ಸ್ಯಾಮ್ ಫಾರ್ಬರ್ ಅನ್ನುವವರ ಹೆಂಡತಿಗೆ ಕೈಬೆರಳಿನ ಸಂಧಿವಾತ ಇತ್ತು, ತರಕಾರಿ ಸಿಪ್ಪೆ ತೆಗೆಯಲು ಕಷ್ಟಪಡುತ್ತಿದ್ದರು. ಅದನ್ನು ನೋಡಿ ಅವರು ದಪ್ಪ ರಬ್ಬರಿನಂಥ ಹಿಡಿ ಇರುವ ಸಾಮಾನು ಮಾಡಿಸಿ 1990ರಲ್ಲಿ ಆಕ್ಸೊ ಅನ್ನುವ ಹೆಸರಲ್ಲಿ ಮಾರುಕಟ್ಟೆಗೆ ತಂದರು. ಕೈನೋವು ಇಲ್ಲದವರೂ ಅದನ್ನೇ ಕೊಂಡರು.

ಬ್ರಾನ್ ಮಿಕ್ಸರ್ ಕೆಟ್ಟ ಕಥೆ

ಡಿಸೈನ್ ಓದುವ ಹುಡುಗರಿಗೆ ಮನೆಬಳಕೆಯ ಯಂತ್ರ ಮಾಡುವ ಜರ್ಮನಿಯ ಬ್ರಾನ್ ಕಂಪನಿ ಅಂದರೆ ಗುಡಿ ಇದ್ದ ಹಾಗೆ. ಡೀಟರ್ ರಾಮ್ಸ್ 1961ರಿಂದ 1995ರವರೆಗೆ ಅಲ್ಲಿ ಡಿಸೈನ್ ಮುಖ್ಯಸ್ಥರಾಗಿದ್ದರು. ಬೆಳ್ಳಗೆ, ಸರಳವಾಗಿ, ಒಂದು ಗುಂಡಿಯೂ ಹೆಚ್ಚಿಲ್ಲದ ಹಾಗೆ. ನಾನೂ ಕಾಲೇಜಿನಲ್ಲಿ ಮೂರು ವರ್ಷ ಬಿಳಿ ಡಬ್ಬಿಗಳನ್ನೇ ಬರೆದವನು. ಈಗ ಕೇಳಿ. 1960ರ ದಶಕದ ಮೊದಲಲ್ಲಿ ಮುಂಬೈನಲ್ಲಿ ಸತ್ಯಪ್ರಕಾಶ್ ಮಾಥುರ್ ಅನ್ನುವ ಇಂಜಿನಿಯರ್ ಮನೆಯಲ್ಲಿ ಇದ್ದ ಬ್ರಾನ್ ಮಿಕ್ಸರ್ ನಮ್ಮ ಅಡುಗೆಯ ರುಬ್ಬುವ ಕೆಲಸಕ್ಕೆ ಸೋತು ಕೆಟ್ಟುಹೋಯಿತು, ಇಲ್ಲಿ ರಿಪೇರಿ ಮಾಡುವವರೂ ಸಿಗಲಿಲ್ಲ. ಹೆಂಡತಿ ಮಾಧುರಿ ಅವರ ಒತ್ತಾಯಕ್ಕೆ ಅವರು ಜಾಸ್ತಿ ಬಲದ ಮೋಟರ್ ಇರುವ ಮಿಕ್ಸಿಯನ್ನು ತಾವೇ ಮಾಡಲು ಹೊರಟರು. ಅದೇ ಸುಮೀತ್. ನಮ್ಮ ಮನೆಗಳಲ್ಲಿ ಒರಳುಕಲ್ಲು ಹಿತ್ತಲಿಗೆ ಹೋಗಿದ್ದರಲ್ಲಿ ಆ ಹೆಸರಿನ ಪಾಲು ದೊಡ್ಡದು.

ಜರ್ಮನ್ ಮಿಕ್ಸರ್ ಕೆಟ್ಟ ಡಿಸೈನ್ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಕೊಬ್ಬರಿ, ಒಣಮೆಣಸಿನಕಾಯಿ, ನೆನೆಸಿದ ಉದ್ದು ಗೊತ್ತಿರಲಿಲ್ಲ, ಅಷ್ಟೆ. ನಿಮಗೆ ಗೊತ್ತಿದೆ. ಪೋರ್ಟ್‌ಫೋಲಿಯೋದಲ್ಲಿ, ಅಂದರೆ ನಿಮ್ಮ ಕೆಲಸ ತೋರಿಸುವ ಪುಸ್ತಕದಲ್ಲಿ, ಯುರೋಪಿನ ಜ್ಯೂಸರ್ ಬರೆಯುವ ಬದಲು ಚಕ್ಕುಲಿ ಒರಳು, ಶಾವಿಗೆ ಒತ್ತು, ಈಳಿಗೆ ಮಣೆ ತಗೊಳ್ಳಿ ಅಂತ ನಾನು ಹುಡುಗರ ಹತ್ತಿರ ಜಗಳ ಆಡುವುದು ಇದಕ್ಕೇ. ಮಂಡಿನೋವಿನ ಅಮ್ಮ ನೆಲದ ಮೇಲೆ ಕೂರಲಾರದೆ ಈಳಿಗೆ ಮಣೆಯನ್ನು ಕಟ್ಟೆ ಮೇಲಿಟ್ಟು ನಿಂತು ಹೆಚ್ಚಲು ಹೋದಾಗ ಏನಾಗುತ್ತೆ ನೋಡಿ. ಅದು ಮುಂದಕ್ಕೆ ಜಾರುತ್ತೆ, ಕಾಲಿನಿಂದ ಅದುಮಿ ಹಿಡಿಯಲು ಆಗಲ್ಲ. ಅಲ್ಲೇ ಒಂದು ಒಳ್ಳೆ ಪ್ರಾಜೆಕ್ಟ್ ಕೂತಿದೆ.

ಎಲ್ಲಿ ಓದಬೇಕು

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನೇ ಕೇಳುತ್ತಾರೆ. ಪಿಯುಸಿ ಆದಮೇಲೆ ಎನ್‌ಐಡಿಗೆ ಡಿಎಟಿ ಪರೀಕ್ಷೆ, ಐಐಟಿಗಳಿಗೆ ಯುಸೀಡ್. ಎರಡಕ್ಕೂ ಸೈನ್ಸೇ ಆಗಬೇಕು ಅಂತಿಲ್ಲ, ಆರ್ಟ್ಸ್ ಕಾಮರ್ಸ್‌ನವರೂ ಬರೆಯಬಹುದು. ಬಿಡೆಸ್, ಅಂದರೆ ಡಿಸೈನ್ ಡಿಗ್ರಿ, ನಾಲ್ಕು ವರ್ಷ. ಡಿಗ್ರಿ ಆದವರಿಗೆ ಸೀಡ್ ಪರೀಕ್ಷೆ ಇದೆ, ಅದರಿಂದ ಐಐಟಿ ಬಾಂಬೆಯ ಡಿಸೈನ್ ವಿಭಾಗ ಐಡಿಸಿಯಂಥ ಕಡೆ ಎಂಡೆಸ್, ಅಂದರೆ ಡಿಸೈನಿನಲ್ಲಿ ಮಾಸ್ಟರ್ಸ್, ಮಾಡಬಹುದು. ಐಡಿಸಿ 1969ರಿಂದ ಇದೆ. ಬೆಂಗಳೂರಿನಲ್ಲೇ ಇರಬೇಕು ಅಂದರೆ, ಇಂಜಿನಿಯರಿಂಗ್ ಅಥವಾ ಆರ್ಕಿಟೆಕ್ಚರ್ ಮುಗಿಸಿದವರಿಗೆ ಐಐಎಸ್ಸಿಯಲ್ಲಿ ಎಂಡೆಸ್ ಇದೆ, ಮೊದಲು ಸಿಪಿಡಿಎಂ ಅಂತ ಕರೆಯುತ್ತಿದ್ದ ವಿಭಾಗ. ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ ತುಮಕೂರು ರಸ್ತೆಯಲ್ಲಿದೆ. ಸೃಷ್ಟಿ ಅನ್ನುವ ಡಿಸೈನ್ ಕಾಲೇಜಿದೆ. ಪ್ರೈವೇಟ್ ಕಾಲೇಜುಗಳು ಬೇಕಾದಷ್ಟಿವೆ, ಫೀಸು ಕೇಳಿ ಕೂತುಕೊಳ್ಳಿ. ಸೇರುವ ಮುಂಚೆ ವರ್ಕ್‌ಶಾಪ್ ತೋರಿಸಿ ಅನ್ನಿ. ಯಂತ್ರಗಳ ಮೇಲೆ ಧೂಳು ಇದ್ದರೆ ಸೇರಬೇಡಿ, ಮರದ ಪುಡಿ ಇದ್ದರೆ ಸೇರಿ.

ಪರೀಕ್ಷೆಗೆ ಒಂದು ಅಭ್ಯಾಸ ಹೇಳುತ್ತೇನೆ. ಕಾಫಿ ಫಿಲ್ಟರ್ ಬಿಚ್ಚಿ: ಮುಚ್ಚಳ, ತೂತಿನ ಮೇಲಿನ ಪಾತ್ರೆ, ಪುಡಿ ಒತ್ತುವ ಕೊಡೆಯಂಥದ್ದು, ಡಿಕಾಕ್ಷನ್ ಇಳಿಯುವ ಕೆಳಗಿನ ಪಾತ್ರೆ. ನೋಡಿ ಒಂದು ಸಲ ಬರೆಯಿರಿ. ಮುಚ್ಚಿಟ್ಟು ನೆನಪಿನಿಂದ ಬರೆಯಿರಿ. ಆಮೇಲೆ ನಾಲ್ಕನ್ನೂ ಒಂದರ ಮೇಲೊಂದು ಗಾಳಿಯಲ್ಲಿ ತೇಲಿದ ಹಾಗೆ, ಓರೆಯಿಂದ ಕಾಣುವಂತೆ ಬರೆಯಿರಿ. ಹತ್ತು ದಿನ ಮಾಡಿದರೆ ಕೋಚಿಂಗಿಗೆ ಕೊಡುವ ದುಡ್ಡಿನಲ್ಲಿ ಅರ್ಧ ಉಳಿಯಿತು.

ಯಾರೂ ಹೇಳದ ಇನ್ನೊಂದು ದಾರಿ ಇದೆ. ಬೆಂಗಳೂರಿನ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಜಿಟಿಟಿಸಿ, ಅಂದರೆ ಗವರ್ನಮೆಂಟ್ ಟೂಲ್ ರೂಮ್ ಅಂಡ್ ಟ್ರೇನಿಂಗ್ ಸೆಂಟರ್. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರಿ ಸಂಸ್ಥೆ, ಈಗ ಬೇರೆ ಊರುಗಳಲ್ಲೂ ಇದೆ. ಎಸ್‌ಎಸ್‌ಎಲ್‌ಸಿ ಆದಮೇಲೆ ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಅಚ್ಚು ಮಾಡುವ ಕೆಲಸದ, ಡಿಪ್ಲೊಮಾ ಮಾಡಬಹುದು. ಡಿಸೈನರ್ ಅನ್ನುವ ಹೆಸರು ಅಲ್ಲಿ ಸಿಗಲ್ಲ. ಆದರೆ ಸಾಮಾನು ಹುಟ್ಟುವುದೇ ಅಲ್ಲಿ ಕಲಿತವರ ಕೈಯಲ್ಲಿ. ಅದನ್ನು ಕಲಿತು ಆಮೇಲೆ ಡಿಸೈನಿಗೆ ಬಂದವರನ್ನು ಯಾರೂ ಏಮಾರಿಸಲು ಆಗಲ್ಲ.

ಪೀಣ್ಯದಲ್ಲಿ ಬೈಸಿಕೊಂಡಿದ್ದು

ನನ್ನ ಮೊದಲ ನಿಜವಾದ ಕೆಲಸ ಒಂದು ಪ್ಲಾಸ್ಟಿಕ್ ಡಬ್ಬಿ. ಬೇಳೆ, ಅಕ್ಕಿಹಿಟ್ಟು ಹಾಕಿಡುವಂಥದ್ದು. ಕಂಪನಿ ಹೆಸರು ಬೇಡ. ಎರಡು ತಿಂಗಳು ಕಂಪ್ಯೂಟರಿನಲ್ಲಿ ಮಾಡಿದೆ, ತಿಳಿಹಸಿರು ಬಣ್ಣ, ಮುಚ್ಚಳ ಡಬ್ಬಿಗೆ ಸಮವಾಗಿ ಕೂರುತ್ತಿತ್ತು, ಎಲ್ಲೂ ಒಂದು ಗೆರೆ ಹೊರಗೆ ಕಾಣುತ್ತಿರಲಿಲ್ಲ. ಬಾಸ್ ಖುಷಿ. ಡ್ರಾಯಿಂಗ್ ಹಿಡಿದುಕೊಂಡು ಪೀಣ್ಯಕ್ಕೆ ಹೋದೆ.

ಮೋಲ್ಡ್ ಮಾಡುವ ಮೇಸ್ತ್ರಿ ಡ್ರಾಯಿಂಗ್ ನೋಡಲಿಲ್ಲ, ಟೀ ಲೋಟ ಅದರ ಮೇಲಿಟ್ಟರು. ಮುಚ್ಚಳದ ಒಳಗಡೆ ನಾನು ಬಿಟ್ಟಿದ್ದ ಏಣನ್ನು ಬೆರಳಲ್ಲಿ ತೋರಿಸಿ, "ಇದು ಎಷ್ಟು?" ಅಂದರು. ಒಂದೂವರೆ ಮಿಲಿಮೀಟರ್, ಮೂಲೆ ಚೂಪು, ಲಾಕ್ ಗಟ್ಟಿಯಾಗಲಿ ಅಂತ ಅಂದೆ. "ಸಾರ್, ಮುಚ್ಚಳ ಮೋಲ್ಡ್ ಬಿಟ್ಟು ಬರಬೇಕಲ್ಲ. ಇದು ಬರಲ್ಲ. ಬಂದ್ರೂ ಹರ್ಕೊಂಡು ಬರ್ತದೆ." ಆಮೇಲೆ ಡಬ್ಬಿಯ ಗೋಡೆ ಎಷ್ಟು ಓರೆ ಇದೆ ಅಂತ ಕೇಳಿದರು. ನೆಟ್ಟಗೆ ಇದೆ ಅಂದೆ, ಹೆಮ್ಮೆಯಿಂದ. ಅವರು ನಕ್ಕ ನಗು ಈಗಲೂ ನೆನಪಿದೆ.

ಅವತ್ತು ಕಲಿತಿದ್ದನ್ನು ನೀವು ಬೈಸಿಕೊಳ್ಳದೆ ಕಲಿಯಿರಿ. ಮೋಲ್ಡಿನಿಂದ ಬರುವ ಯಾವ ಗೋಡೆಗೂ ಕೊಂಚ ಓರೆ ಬೇಕು, ಒಂದು ಡಿಗ್ರಿಯಾದರೂ ಇರಲಿ, ಇಲ್ಲದಿದ್ದರೆ ಗೀರಿಕೊಂಡು ಬರುತ್ತದೆ. ಇಡ್ಲಿ ತಟ್ಟೆಯ ಗುಳಿ ನೆನಪಿಸಿಕೊಳ್ಳಿ, ಅದು ನೆಟ್ಟಗಿದ್ದಿದ್ದರೆ ಇಡ್ಲಿ ಏಳುತ್ತಿತ್ತಾ? ಒಳಗಿನ ಏಣು ಸಣ್ಣದಾಗಿ, ಮೂಲೆ ಗುಂಡಗೆ ಇದ್ದರೆ ಪಾಲಿಪ್ರೊಪಿಲೀನ್‌ನಂಥ ಮೆದು ಪ್ಲಾಸ್ಟಿಕ್ ಸ್ವಲ್ಪ ಹಿಗ್ಗಿ ಕಳಚಿಕೊಳ್ಳುತ್ತದೆ. ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಇರಬೇಕು. ಒಂದು ಕಡೆ ದಪ್ಪ ಆದರೆ ಅಲ್ಲಿ ನಿಧಾನಕ್ಕೆ ತಣ್ಣಗಾಗಿ ಮೇಲ್ಮೈ ಗುಳಿ ಬೀಳುತ್ತದೆ, ಅದನ್ನೇ ಸಿಂಕ್ ಮಾರ್ಕ್ ಅನ್ನುವುದು. ದಪ್ಪ ಮಾಡಿದರೆ ಗಟ್ಟಿ ಅನ್ನುವುದು ಅರ್ಧ ಸತ್ಯ. ಗೋಡೆ ಎರಡು ಮಿಲಿಮೀಟರಿನಿಂದ ಮೂರಕ್ಕೆ ಹೋದರೆ ತಣ್ಣಗಾಗುವ ಹೊತ್ತು ಹೆಚ್ಚುಕಡಿಮೆ ಎರಡೂಕಾಲು ಪಟ್ಟಾಗುತ್ತದೆ, ಅಂದರೆ ಅದೇ ಮೆಷಿನ್ನಿನಲ್ಲಿ ಗಂಟೆಗೆ ಬರುವ ಪೀಸೂ ಕಡಿಮೆ.

ಸ್ಟೀಲಿನವರ ಹತ್ತಿರ ಬೇರೆ ಪಾಠ. ದುಂಡಗೆ ಕತ್ತರಿಸಿದ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಎಳೆದು ಪಾತ್ರೆ ಮಾಡುತ್ತಾರೆ, ತಳದ ಮೂಲೆ ಚೂಪಾಗಿ ಕೇಳಿದರೆ ಅಲ್ಲೇ ಹರಿಯುತ್ತದೆ. ಅಂಚು ಸುರುಳಿ ಮಾಡುವುದು ಕೈ ಕೊಯ್ಯದಿರಲಿ ಅಂತಲೂ ಹೌದು, ಪಾತ್ರೆ ಸೊಟ್ಟ ಆಗದಿರಲಿ ಅಂತಲೂ ಹೌದು. ಗೇಜ್ ನಂಬರ್ ಹೆಚ್ಚಾದಷ್ಟೂ ತಗಡು ತೆಳು, ಹೊಸಬರು ಇದನ್ನು ಉಲ್ಟಾ ಹೇಳಿ ನಗೆಪಾಟಲಾಗುತ್ತಾರೆ. ಸ್ಟೀಲಿನ ಜಾತಿಗೂ ನಂಬರ್ ಇದೆ: 304 ಅಂದರೆ ಹೆಚ್ಚುಕಡಿಮೆ ನೂರಕ್ಕೆ 18 ಕ್ರೋಮಿಯಂ, 8 ನಿಕ್ಕಲ್. 202 ಅದಕ್ಕಿಂತ ಅಗ್ಗ. ಮ್ಯಾಗ್ನೆಟ್ ಹಿಡಿದು ಈ ಎರಡರಲ್ಲಿ ಯಾವುದು ಅಂತ ಹೇಳಲು ಆಗಲ್ಲ, ಎರಡೂ ಸಾಮಾನ್ಯವಾಗಿ ಅಂಟುವುದಿಲ್ಲ. ಕುಕ್ಕರ್ ಕೆಲಸ ಸಿಕ್ಕಿದರೆ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಐಎಸ್ 2347 ಅನ್ನುವ ನಿಯಮ ಓದದೆ ಪೆನ್ಸಿಲ್ ಎತ್ತಬೇಡಿ.

ಡಬ್ಬಿಯ ಕಥೆ ಮುಗಿದಿಲ್ಲ. ಏಣು ಸಣ್ಣದು ಮಾಡಿದೆವು, ಬದಲಿಗೆ ಮುಚ್ಚಳ ಬಿಗಿಯಾಗಿ ಕೂರುವ ಹಾಗೆ ಅಳತೆ ಕೊಟ್ಟೆ. ಆಫೀಸಿನಲ್ಲಿ ಎಲ್ಲರೂ ತೆಗೆದು ನೋಡಿದರು, ಬಂತು. ಮಾರುಕಟ್ಟೆಗೆ ಹೋದ ಮೇಲೆ ಅರಸೀಕೆರೆಯಲ್ಲಿ ದೊಡ್ಡಮ್ಮನ ಮನೆಗೆ ಒಂದು ಸೆಟ್ ಕೊಟ್ಟೆ. ಒಂದು ತಿಂಗಳು ಬಿಟ್ಟು ಹೋದರೆ, ದೊಡ್ಡಮ್ಮ ಒಗ್ಗರಣೆ ಹಾಕುವ ಮಧ್ಯೆ ಎಣ್ಣೆ ಕೈಯಲ್ಲಿ ಡಬ್ಬಿ ಹಿಡಿದು, ಚಮಚದ ಹಿಡಿಯನ್ನು ಮುಚ್ಚಳದ ಸಂದಿಗೆ ತೂರಿಸಿ ಟಕ್ ಅಂತ ಎಬ್ಬಿಸುತ್ತಿದ್ದರು. ಆರೂ ಮುಚ್ಚಳಗಳ ಅಂಚಿನಲ್ಲಿ ಒಂದೇ ಜಾಗದಲ್ಲಿ ಬಿಳೀ ಗಾಯ. "ಚೆನ್ನಾಗಿದೆ ಕಣೋ ನಿನ್ ಡಬ್ಬಿ, ಇರುವೆ ಹೋಗಲ್ಲ. ನಾನೂ ಹೋಗಕ್ಕಾಗಲ್ಲ ಅಷ್ಟೆ." ಆಫೀಸಿನಲ್ಲಿ ನಾವು ನೋಡಿದ್ದು ಏಸಿಯಲ್ಲಿ ಒಣಗಿದ ಕೈಗಳಲ್ಲಿ, ಅದೂ ಮೂವತ್ತರ ಒಳಗಿನವರು.

ಮುಂದಿನ ಸುತ್ತಿಗೆ ಆ ಗಾಯ ಇದ್ದ ಜಾಗದಲ್ಲೇ ಮುಚ್ಚಳಕ್ಕೆ ಬೆರಳು ಸಿಗುವಂಥ ಒಂದು ಸಣ್ಣ ತುಟಿ ಕೊಟ್ಟೆವು. ಹೊಸ ಮೋಲ್ಡ್ ಬೇಕಾಗಲಿಲ್ಲ. ಮುಚ್ಚಳಕ್ಕೆ ಪ್ಲಾಸ್ಟಿಕ್ ಸೇರಬೇಕು ಅಂದರೆ ಮೋಲ್ಡಿನಲ್ಲಿ ಸ್ಟೀಲ್ ಕೊರೆದರೆ ಸಾಕು. ಉಲ್ಟಾ, ಪ್ಲಾಸ್ಟಿಕ್ ಕಡಿಮೆ ಮಾಡಬೇಕಿದ್ದರೆ ಮೋಲ್ಡಿಗೆ ವೆಲ್ಡ್ ಹಾಕಿ ಸ್ಟೀಲ್ ಸೇರಿಸಬೇಕಿತ್ತು, ಅದು ದೊಡ್ಡ ರಗಳೆ. ಅದಕ್ಕೇ ಅನುಮಾನ ಇರುವ ಜಾಗದಲ್ಲಿ ಮೊದಲ ಮೋಲ್ಡಿನಲ್ಲಿ ಸ್ಟೀಲ್ ಸ್ವಲ್ಪ ಉಳಿಸಿಕೊಂಡಿರಿ, ಆಮೇಲೆ ಕೊರೆಯಬಹುದು.

ಪೋರ್ಟ್‌ಫೋಲಿಯೋ, ಕೆಲಸ

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರೈನೋ ಅಥವಾ ಸಾಲಿಡ್‌ವರ್ಕ್ಸ್ ಅಥವಾ ಫ್ಯೂಷನ್, ಒಂದನ್ನು ಸರಿಯಾಗಿ ಕಲಿಯಿರಿ. ಚೆಂದದ ಚಿತ್ರ ತೆಗೆಯಲು ಬ್ಲೆಂಡರ್ ಪುಕ್ಕಟೆ ಸಿಗುತ್ತೆ. ತ್ರೀಡಿ ಪ್ರಿಂಟ್ ಮಾಡಿಸಿ, ಆದರೆ ಪ್ರಿಂಟ್ ಆಯ್ತು ಅಂದರೆ ಮೋಲ್ಡ್ ಆಗುತ್ತೆ ಅಂತ ಅಂದುಕೊಳ್ಳಬೇಡಿ. ಪ್ರಿಂಟರ್ ಏನು ಕೊಟ್ಟರೂ ಹೂಂ ಅನ್ನುತ್ತದೆ.

ಪೋರ್ಟ್‌ಫೋಲಿಯೋದಲ್ಲಿ ಹದಿನೈದು ಪ್ರಾಜೆಕ್ಟ್ ಬೇಡ, ನಾಲ್ಕು ಇರಲಿ. ಪ್ರತಿಯೊಂದರಲ್ಲೂ ಮನುಷ್ಯರ ಕೈ ಕಾಣಲಿ. ಎಷ್ಟು ಜನ ಹುಡುಗರ ಕೆಲಸ ನೋಡಿದ್ದೇನೆ, ಬಿಳಿ ಹಿನ್ನೆಲೆಯಲ್ಲಿ ಹೊಳೆಯುವ ಕೆಟಲ್, ಅದನ್ನು ಯಾರೂ ಎತ್ತಿರುವುದಿಲ್ಲ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ, ಕೆಟಲ್ಲಿನ ತೂಕ ಸೇರಿ ಎರಡರ ಹತ್ತಿರ, ಹಿಡಿ ನೋಡಿದರೆ ಎರಡು ಬೆರಳು ಹೋಗುವಷ್ಟು. ಸೋತ ಮಾದರಿಗಳ ಫೋಟೋ ಹಾಕಿ, ಯಾಕೆ ಸೋತಿತು ಅಂತ ಎರಡು ಸಾಲು ಬರೆಯಿರಿ. ಸಂದರ್ಶನಕ್ಕೆ ಮಾದರಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಎದುರಿಗೆ ಕೂತವರ ಕೈ ತಾನಾಗೇ ಅದರ ಮೇಲೆ ಹೋಗುತ್ತೆ, ಆಮೇಲೆ ಮಾತು ಸುಲಭ.

ಒಂದು ಲೆಕ್ಕವೂ ಇರಲಿ. ಮುಚ್ಚಳದಲ್ಲಿ ಹತ್ತು ಗ್ರಾಂ ಉಳಿಸಿದಿರಿ ಅನ್ನಿ. ವರ್ಷಕ್ಕೆ ಐದು ಲಕ್ಷ ಪೀಸ್ ಅಂದರೆ ಐದು ಸಾವಿರ ಕೆಜಿ. ದಾನಾ, ಅಂದರೆ ಪ್ಲಾಸ್ಟಿಕ್ ಕಾಳು, ಕೆಜಿಗೆ ನೂರು ರೂಪಾಯಿ ಅಂತ ಲೆಕ್ಕಕ್ಕೆ ಹಿಡಿದರೆ ಐದು ಲಕ್ಷ ರೂಪಾಯಿ. ಈ ಭಾಷೆ ಮಾತಾಡುವ ಡಿಸೈನರನ್ನು ಮಾಲೀಕರು ಬಿಡಲ್ಲ.

ಕೆಲಸ ಸಿಗುವ ಜಾಗ ಮೂರು ಥರ. ಸಾಮಾನು ಮಾಡುವ ಕಂಪನಿಯ ಒಳಗೆ ಇರಬಹುದು, ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿಟಿಕೆ ಪ್ರೆಸ್ಟೀಜ್ ನಮಗೆ ಹತ್ತಿರದ್ದು. ಅಲ್ಲಿ ಒಂದೇ ಜಾತಿಯ ಸಾಮಾನು, ಆದರೆ ಆಳವಾಗಿ ಕಲಿಯುತ್ತೀರಿ. ಬೆಂಗಳೂರಿನ ಟಾಟಾ ಎಲೆಕ್ಸಿಯಂಥ ಕಡೆಯೋ ಸಣ್ಣ ಸ್ಟುಡಿಯೋದಲ್ಲೋ ಇರಬಹುದು. ಅಲ್ಲಿ ಇವತ್ತು ಆಸ್ಪತ್ರೆ ಸಾಮಾನು, ನಾಳೆ ಹಣಿಗೆ. ಮೂರನೆಯದು ಸ್ವಂತ. ಚನ್ನಪಟ್ಟಣದ ಕುಶಲಕರ್ಮಿಗಳ ಜೊತೆ ಸೇರಿ ಲಟ್ಟಣಿಗೆ, ಡಬ್ಬಿ, ಗುಬಟು ಮಾಡಿಸುವವರಿದ್ದಾರೆ. ಅಲ್ಲಿ ಮರ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಮೋಲ್ಡಿಗೆ ಲಕ್ಷಗಟ್ಟಲೆ ಸುರಿಯದೆ ಐವತ್ತು ಪೀಸ್ ಮಾಡಿ ನೋಡಬಹುದು. ಆದರೆ ಅರಗಿನ ಬಣ್ಣ ಬಿಸಿಗೆ ಮೆತ್ತಗಾಗುತ್ತೆ, ಬಾಣಲೆಗೆ ಹಾಕುವ ಸೌಟಿಗೆ ಬಳಿಯಬೇಡಿ.

ಮೊದಲ ವರ್ಷಗಳ ಸಂಬಳ ಸಾಫ್ಟ್‌ವೇರಿಗೆ ಹೋದ ನಿಮ್ಮ ಗೆಳೆಯರಿಗಿಂತ ಕಡಿಮೆ ಇರುತ್ತದೆ. ಮನೆಯಲ್ಲಿ ಮೊದಲೇ ಹೇಳಿಬಿಡಿ.

ಕಾಗದ ಪತ್ರ

ಹೊಸ ಆಕಾರ ಮಾಡಿದ ಖುಷಿಗೆ ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡಿ. 2000ದ ಡಿಸೈನ್ಸ್ ಆಕ್ಟ್ ಪ್ರಕಾರ ನೋಂದಣಿ ಮಾಡಿಸಬೇಕಾದರೆ ಅದು ಅರ್ಜಿಗೆ ಮುಂಚೆ ಎಲ್ಲೂ ಬಹಿರಂಗ ಆಗಿರಬಾರದು. ಮೊದಲು ಅರ್ಜಿ, ಆಮೇಲೆ ಫೋಟೋ. ಸಿಕ್ಕಿದರೆ ಹತ್ತು ವರ್ಷ, ಮತ್ತೆ ಐದು ವರ್ಷ ಮುಂದುವರಿಸಬಹುದು. ಇದು ಕಾಯುವುದು ಕಣ್ಣಿಗೆ ಕಾಣುವ ರೂಪವನ್ನು ಮಾತ್ರ. ಮುಚ್ಚಳ ಲಾಕ್ ಆಗುವ ತಂತ್ರ ಕಾಯಬೇಕಾದರೆ ಪೇಟೆಂಟ್ ಬೇಕು, ಅದು ಬೇರೆ ಖರ್ಚು, ಬೇರೆ ಕಥೆ.

ಸ್ವಂತ ಕೆಲಸ ಹಿಡಿದರೆ ಮೂರು ಕಂತಿನಲ್ಲಿ ದುಡ್ಡು ಕೇಳಿ: ಶುರುವಿಗೆ, ಮಾದರಿ ಒಪ್ಪಿದಾಗ, ಮೋಲ್ಡಿಗೆ ಡ್ರಾಯಿಂಗ್ ಕೊಡುವಾಗ. ಮೂರನೆಯದು ಕೈಗೆ ಬಂದ ಮೇಲೆ ಫೈಲ್ ಕಳಿಸಿ. ಒಂದು ಸಲ ಹಾಗೆ ಮಾಡದೆ, ನಂಬಿಕೆ ಮೇಲೆ ಫೈಲ್ ಕಳಿಸಿದೆ. ಫೋನ್ ಎತ್ತುವುದೇ ನಿಂತುಹೋಯಿತು, ಎಂಟು ತಿಂಗಳಿಗೆ ನನ್ನ ಬಟ್ಟೆ ಕ್ಲಿಪ್ಪು ಬೇರೆ ಬಣ್ಣದಲ್ಲಿ ರಸ್ತೆ ಬದಿ ಗಾಡಿಯಲ್ಲಿ ಡಜನ್ ಲೆಕ್ಕದಲ್ಲಿ ಮಾರಾಟಕ್ಕೆ ಇತ್ತು. ಒಳ್ಳೆ ಕ್ಲಿಪ್ಪು, ಗಾಳಿಗೆ ಹಾರಲ್ಲ.

ಮತ್ತೆ ಒಪ್ಪಂದದಲ್ಲಿ ಸ್ಯಾಂಪಲ್ ಇಷ್ಟು ಪೀಸ್ ಕೊಡಬೇಕು ಅಂತ ಬರೆಸಿ. ನಾನು ಬರೆಸಿರಲಿಲ್ಲ. ದೊಡ್ಡಮ್ಮನಿಗೆ ತುಟಿ ಇರುವ ಹೊಸ ಸೆಟ್ ಕೊಡಬೇಕು ಅಂತ ಚಿಕ್ಕಪೇಟೆಯಲ್ಲಿ ನನ್ನದೇ ಡಬ್ಬಿಗೆ ಚೌಕಾಸಿ ಮಾಡಿದೆ, ಅಂಗಡಿಯವರು ಒಂದು ರೂಪಾಯಿಯೂ ಬಿಡಲಿಲ್ಲ.